ಬೆಳ್ಳಿತಟ್ಟೆಯ ಬೆಲೆ

ಆಷಾಢದ ಮಳೆ ಮೂಡಿಗೆರೆಯ ಸೀಮೆಗೆ ಇಳಿಯಿತೆಂದರೆ ಹಗಲು ಎಲ್ಲಿ ಮುಗಿಯಿತು, ಮುಚ್ಚಂಜೆ ಎಲ್ಲಿ ಮೊದಲಾಯಿತು ಎಂಬುದನ್ನು ಗಡಿಯಾರವೇ ಹೇಳಬೇಕು. ನೆರಳುಮರಗಳಿಂದ ಕಾಫಿಗಿಡಗಳ ಮೇಲೆ ಹನಿ ತಟತಟನೆ ಉದುರುತ್ತಿರುತ್ತದೆ. ಹೆಂಚಿನ ಮಾಡಿನ ಮೇಲೆ ಸುರಿಯುವ ನೀರಿನ ಸದ್ದಿನಲ್ಲಿ ಜಗಲಿಯವರ ಮಾತು ನಡುಮನೆಯವರಿಗೆ ಕೇಳಿಸದು. ಎಲ್ಲಿಯೋ ಒಂದು ಮರ ತಂತಿಯ ಮೇಲೆ ಒರಗುತ್ತದೆ, ವಿದ್ಯುತ್ತು ಹೋಗುತ್ತದೆ. ಅದು ಮರಳಿ ಬರುವುದು ಎರಡು ಗಂಟೆಗೋ, ಎರಡು ದಿನಕ್ಕೋ, ಬಲ್ಲವರಿಲ್ಲ.

ಇಂತಹ ಒಂದು ಸಂಜೆಯಲ್ಲಿ, ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಮಗ್ಗುಲಲ್ಲಿರುವ ಒಂದು ತೋಟದ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ಮನೆಯ ಯಜಮಾನರಿಗೆ ಅರುವತ್ತು ದಾಟಿದೆ. ಸಿನಿಮಾದ ಹುಚ್ಚು ಮಾತ್ರ ಇಪ್ಪತ್ತರಲ್ಲಿಯೇ ನಿಂತಿದೆ. ಬೆಂಗಳೂರಿನಿಂದ ರಜೆಗೆಂದು ಬಂದ ತಮ್ಮನ ಮಗ, ದೊಡ್ಡಪ್ಪನವರ ಹೆಸರಿಗೆ ಬಂದಿರುವ ಪೊಟ್ಟಣವನ್ನು ಬಿಚ್ಚುತ್ತಾನೆ. ಒಳಗೆ ಅಂಗೈಯಗಲದ ಒಂದು ಹೊಳೆಯುವ ತಟ್ಟೆ. ಅದರ ಜೊತೆಗೆ ಒಂದು ಬಿಲ್ಲು. ತಟ್ಟೆಯನ್ನು ಕಂಡು ಅರಳಿದ ಮುಖ ಬಿಲ್ಲನ್ನು ಕಂಡು ಬಾಡುತ್ತದೆ.

“ಮೂರು ಸಾವಿರಾನಾ ದೊಡ್ಡಪ್ಪ? ಒಂದು ಸಿನಿಮಾಕ್ಕೆ? ಫೋನಲ್ಲೇ ಎಲ್ಲ ಬರುತ್ತಲ್ಲ!”

“ಬರುತ್ತೆ ಕಣೋ, ನಿಮ್ಮ ಬೆಂಗಳೂರಲ್ಲಿ ಬರುತ್ತೆ. ಇಲ್ಲಿ ಕರೆಂಟೇ ಹೋಗಿ ಕೂತಿದೆ.”

“ಕರೆಂಟಿಲ್ಲದೆ ನಿಮ್ಮ ಡಿಸ್ಕಾದ್ರೂ ಹೆಂಗೆ ಓಡುತ್ತೆ?”

“ಜನರೇಟರಿಗೆ ಡೀಸೆಲ್ ಹಾಕಿದ್ರೆ ಕರೆಂಟ್ ಬರುತ್ತಪ್ಪ. ನೆಟ್‌ವರ್ಕಿಗೆ ಏನು ಹಾಕ್ಲಿ ಹೇಳು?”

ಹುಡುಗ ನಕ್ಕು ಸುಮ್ಮನಾಗುತ್ತಾನೆ. ಆದರೆ ಅವನ ಪ್ರಶ್ನೆ ಸುಮ್ಮನಾಗುವಂಥದಲ್ಲ. ತಿಂಗಳಿಗೆ ಕೆಲವು ನೂರು ರೂಪಾಯಿ ತೆತ್ತರೆ ಸಾವಿರಾರು ಚಿತ್ರಗಳು ಮನೆಯ ಪರದೆಗೆ ಹರಿದುಬರುವ ಈ ಕಾಲದಲ್ಲಿ, ಒಂದೇ ಒಂದು ಚಿತ್ರವನ್ನು ಹೊತ್ತ ಒಂದು ತಟ್ಟೆಗೆ ಎರಡು-ಮೂರು ಸಾವಿರ ಸುರಿಯುವುದು ರಸಿಕತೆಯೋ, ದುಂದುಗಾರಿಕೆಯೋ? ಸಂಗ್ರಹಕಾರನು ಕೊಟ್ಟ ಹಣಕ್ಕೆ ತಕ್ಕ ವಸ್ತು ಅವನ ಕೈಸೇರುತ್ತದೆಯೆ?

ಒಂದೇ ಎಕರೆ, ಒತ್ತಾದ ಸಾಲು

ಮೊದಲು ವಸ್ತುವಿನ ಪರಿಚಯವಾಗಲಿ. ಈ ತಟ್ಟೆಗಳ ವಂಶದ ಮೂಲಪುರುಷ 1982ರಲ್ಲಿ ಮಾರುಕಟ್ಟೆಗೆ ಬಂದ ಹಾಡಿನ ಸಿ.ಡಿ. ಅದರ ಮೈಮೇಲೆಯೇ ಚಲಚ್ಚಿತ್ರವನ್ನು ಅಚ್ಚೊತ್ತುವ ವಿ.ಸಿ.ಡಿ. ಎಂಬ ಪದ್ಧತಿ 1993ರಲ್ಲಿ ರೂಪುಗೊಂಡಿತು. ಅನಂತರ 1996ರಲ್ಲಿ ಡಿ.ವಿ.ಡಿ., 2006ರಲ್ಲಿ ಬ್ಲೂ-ರೇ, 2016ರಲ್ಲಿ 4ಕೆ ಬ್ಲೂ-ರೇ ಒಂದಾದ ಮೇಲೊಂದು ಹುಟ್ಟಿದವು. ನಾಲ್ಕರ ಅಗಲವೂ ಒಂದೇ, ಹನ್ನೆರಡು ಸೆಂಟಿಮೀಟರು. ಹೊರನೋಟಕ್ಕೆ ಅಣ್ಣತಮ್ಮಂದಿರಂತಿರುವ ಇವುಗಳೊಳಗೆ ಅಡಗಿರುವ ಸರಕು ಮಾತ್ರ ಅಜಗಜಾಂತರ.

ಕಾಫಿಯ ನಾಡಿನವರಿಗೆ ಇದರ ಗುಟ್ಟನ್ನು ತಿಳಿಸುವುದು ಕಷ್ಟವಲ್ಲ. ಒಂದು ಎಕರೆಯಲ್ಲಿ ರೋಬಸ್ಟ ಗಿಡಗಳನ್ನು ದೂರ ದೂರ ನೆಡುತ್ತಾರೆ. ಅರೇಬಿಕವನ್ನು ಒತ್ತಾಗಿ ನೆಡುತ್ತಾರೆ. ನೆಲ ಅಷ್ಟೇ, ಗಿಡ ಹೆಚ್ಚು. ತಟ್ಟೆಯ ಮೇಲಿನ ದಾಖಲೆಯೂ ಸುರುಳಿಯಾಗಿ ಸುತ್ತಿದ ಸಾಲುಗಳಲ್ಲಿರುತ್ತದೆ. ಸಿ.ಡಿ.ಯಲ್ಲಿ ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ ಅಂತರ, ಡಿ.ವಿ.ಡಿ.ಯಲ್ಲಿ 0.74, ಬ್ಲೂ-ರೇಯಲ್ಲಿ ಕೇವಲ 0.32. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರಾನ್ ಎಂಬುದನ್ನು ನೆನೆದರೆ ಈ ಬೇಸಾಯದ ಸೂಕ್ಷ್ಮತೆ ಮನಸ್ಸಿಗೆ ಬಂದೀತು. ಸಾಲು ಕಿರಿದಾದಂತೆ ಅದನ್ನು ಓದುವ ಬೆಳಕಿನ ಮೊನೆಯೂ ಕಿರಿದಾಗಬೇಕಷ್ಟೆ. ಸಿ.ಡಿ.ಯನ್ನು ಓದುವ ಬೆಳಕಿನ ತರಂಗಾಂತರ 780 ನ್ಯಾನೋಮೀಟರು; ಡಿ.ವಿ.ಡಿ.ಗೆ 650ರ ಕೆಂಪು ಬೆಳಕು. ಬ್ಲೂ-ರೇಗೆ 405ರ ನೇರಳೆಗಪ್ಪಿನ ನೀಲಿ. ಆ ನೀಲಿ ಕಿರಣದಿಂದಲೇ ಅದಕ್ಕೆ ಬ್ಲೂ-ರೇ ಎಂಬ ಹೆಸರು.

ಫಲವೇನೆಂದರೆ, ವಿ.ಸಿ.ಡಿ.ಯ ಒಂದು ಚೌಕಟ್ಟಿನಲ್ಲಿ ಸುಮಾರು ಒಂದು ಲಕ್ಷ ಚುಕ್ಕೆಗಳು ಸೇರಿ ಚಿತ್ರವಾಗುತ್ತಿದ್ದರೆ, ಡಿ.ವಿ.ಡಿ.ಯಲ್ಲಿ ನಾಲ್ಕು ಲಕ್ಷಕ್ಕೂ ಮೇಲೆ, ಬ್ಲೂ-ರೇಯಲ್ಲಿ 20 ಲಕ್ಷ 73 ಸಾವಿರ, 4ಕೆ ತಟ್ಟೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳು ಸೇರುತ್ತವೆ. ಜೊತೆಗೆ 4ಕೆ ತಟ್ಟೆ ಬಣ್ಣದಲ್ಲಿಯೂ ಧಾರಾಳಿ. ಕಗ್ಗತ್ತಲಿನ ಕಪ್ಪನ್ನೂ ದೀಪದ ಬಿಳುಪನ್ನೂ ಒಂದೇ ಚೌಕಟ್ಟಿನಲ್ಲಿ ಕಂದದಂತೆ ಕುಂದದಂತೆ ತೋರಬಲ್ಲದು. ಆ ಶಕ್ತಿಯುಳ್ಳ ಪರದೆಯೊಂದಿರಬೇಕು, ಅಷ್ಟೆ.

ದೂರದಿಂದ ಹರಿದುಬರುವ ಚಿತ್ರವೂ 4ಕೆ ಎಂದೇ ಹೇಳಿಕೊಳ್ಳುತ್ತದಲ್ಲ ಎಂದು ಕೇಳಬಹುದು. ಚುಕ್ಕೆಗಳ ಎಣಿಕೆ ಒಂದೇ ಇರಬಹುದು. ಆ ಚುಕ್ಕೆಗಳಿಗೆ ಬಡಿಸುವ ಅನ್ನ ಒಂದೇ ಅಲ್ಲ. ಬ್ಲೂ-ರೇ ತಟ್ಟೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಚಿತ್ರದ ಮಾಹಿತಿಯನ್ನು ಕೊಡಬಲ್ಲದು. 4ಕೆ ತಟ್ಟೆಯ ಸಾಮರ್ಥ್ಯ ಅದರ ಎರಡು ಪಟ್ಟಿಗೂ ಮೀರಿದ್ದು. ಅಂತರ್ಜಾಲದ ಚಿತ್ರಶಾಲೆಗಳು ಅದೇ 4ಕೆ ಚಿತ್ರವನ್ನು ಸಾಮಾನ್ಯವಾಗಿ 15ರಿಂದ 25 ಮೆಗಾಬಿಟ್ಟಿನೊಳಗೆ ಹಿಂಡಿ ಕಳುಹಿಸುತ್ತವೆ. ಹಿಂಡಿದ ಗುರುತು ಹಗಲಿನ ದೃಶ್ಯದಲ್ಲಿ ಕಾಣದು. ಮಂಜು, ಹೊಗೆ, ಮಳೆ, ಕತ್ತಲೆ ಇವು ಬಂದಾಗ ಚಿತ್ರ ತೇಪೆ ತೇಪೆಯಾಗಿ ಒಡೆಯುತ್ತದೆ. ಮಲೆನಾಡಿನಲ್ಲಿ ತೆಗೆದ ಯಾವ ಚಿತ್ರದಲ್ಲಿ ಮಂಜೂ ಮಳೆಯೂ ಇಲ್ಲ!

ಕುರ್ಚಿ ಎಲ್ಲಿದೆ?

ಇಷ್ಟನ್ನು ಓದಿ ಅಂಗಡಿಗೆ ಓಡುವುದಕ್ಕೆ ಮುನ್ನ ಮನೆಯಲ್ಲಿ ಒಂದು ಅಳತೆಯ ಟೇಪನ್ನು ಹುಡುಕುವುದು ಒಳಿತು. ಏಕೆಂದರೆ ತಟ್ಟೆಯ ಗುಣವನ್ನು ಕಡೆಗೆ ತೀರ್ಮಾನಿಸುವುದು ಕಣ್ಣು. ಕಣ್ಣಿಗೆ ಒಂದು ಮಿತಿಯುಂಟು. ಆರೋಗ್ಯವಾದ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲಿಗಿಂತ ಕಿರಿದಾದ ವಿವರವನ್ನು ಬಿಡಿಸಿ ಕಾಣಲಾರದು. ಈ ಲೆಕ್ಕದಂತೆ 55 ಅಂಗುಲದ ಪರದೆಯ ಮುಂದೆ ಏಳಡಿಗಿಂತ ಆಚೆ ಕುಳಿತವನಿಗೆ ಬ್ಲೂ-ರೇಯ ಚುಕ್ಕೆಗಳೇ ಬಿಡಿಯಾಗಿ ಕಾಣವು. 4ಕೆಯ ಹೆಚ್ಚಿನ ಚುಕ್ಕೆಗಳು ಅವನ ಪಾಲಿಗೆ ಇದ್ದೂ ಇಲ್ಲದಂತೆ. ಅದೇ ಪರದೆಯ ಮೇಲೆ ಡಿ.ವಿ.ಡಿ.ಗೂ ಬ್ಲೂ-ರೇಗೂ ಇರುವ ಭೇದ ಸುಮಾರು ಹದಿಮೂರು ಅಡಿಯವರೆಗೂ ಕಾಣಿಸುತ್ತದೆ. ಇನ್ನು ಮೂವತ್ತೆರಡು ಅಂಗುಲದ ಪರದೆಯನ್ನು ಹತ್ತಡಿ ದೂರದ ಸೋಫಾದಿಂದ ನೋಡುವ ಮನೆಯಲ್ಲಿ ಒಳ್ಳೆಯ ಡಿ.ವಿ.ಡಿ.ಯೇ ಧಾರಾಳವಾಯಿತು, ಅಲ್ಲಿ 4ಕೆ ತಟ್ಟೆ ಕೊಳ್ಳುವುದು, ಚಿಕೋರಿ ಬೆರೆಸಿ ಕುದಿಸುವ ಪುಡಿಗೆಂದು ಹರಾಜಿನ ಮೊದಲ ದರ್ಜೆಯ ಬೀಜವನ್ನು ತಂದಂತೆ.

ಅಂದರೆ ಮಲೆನಾಡಿನ ದೊಡ್ಡ ನಡುಮನೆಗಳಲ್ಲಿ, ಪರದೆ ಗೋಡೆಯ ಆ ಕಡೆ, ಕುರ್ಚಿ ಈ ಕಡೆ ಇರುವಲ್ಲಿ, ಬ್ಲೂ-ರೇಗೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ; 4ಕೆಗೆ ಮೇಲೆ ಕೊಟ್ಟ ಹಣ ಬಣ್ಣದಲ್ಲಿ ಅಷ್ಟಿಷ್ಟು ಕಂಡೀತೇ ಹೊರತು ಗೆರೆಯ ಮೊನಚಿನಲ್ಲಿ ಕಾಣದು. ಧ್ವನಿಯ ಮಾತೂ ಹಾಗೆಯೇ. ಏನನ್ನೂ ಹಿಂಡದ ಪೂರ್ಣ ಧ್ವನಿ ತಟ್ಟೆಯ ಹೆಗ್ಗಳಿಕೆ. ಆದರೆ ಹೆಂಚಿನ ಮೇಲೆ ಆಷಾಢ ಸುರಿಯುತ್ತಿರುವಾಗ ನಾಯಕಿಯ ನಿಟ್ಟುಸಿರು ಯಾರಿಗೆ ಕೇಳಬೇಕು?

ಲೆಕ್ಕದಲ್ಲಿ ಇನ್ನೂ ಒಂದು ಬಾಬ್ತು ಇದೆ. ವಿದೇಶದಲ್ಲಿ ಇಂತಹ ತಟ್ಟೆಯ ಬೆಲೆ ಸಾಮಾನ್ಯವಾಗಿ 25ರಿಂದ 40 ಡಾಲರು. ಸಾಗಣೆ, ಸುಂಕ ಸೇರಿದರೆ ಎರಡು-ಮೂರು ಸಾವಿರ ರೂಪಾಯಿ ದಾಟುವುದು ಸುಲಭ. ಆ ತಟ್ಟೆಯನ್ನು ಒಬ್ಬನೇ ಕುಳಿತು ಒಮ್ಮೆ ನೋಡಿ ಕಪಾಟಿಗೆ ಸೇರಿಸಿದರೆ ಅದು ಮೂರು ಸಾವಿರದ ಟಿಕೆಟ್ಟು. ಐದು ಜನರ ಮನೆ ಹತ್ತು ಸಲ ಕುಳಿತು ನೋಡಿದರೆ ತಲೆಗೆ, ಆಟಕ್ಕೆ ಅರುವತ್ತು ರೂಪಾಯಿ. ಕಳಸದವರು ಸಿನಿಮಾಕ್ಕೆಂದು ತೊಂಬತ್ತು ಕಿಲೋಮೀಟರಿನಷ್ಟು ದೂರದ ಚಿಕ್ಕಮಗಳೂರಿಗೆ ಹೋಗಿಬರುವ ಪೆಟ್ರೋಲನ್ನು ನೆನೆದರೆ ಇದು ಅನ್ಯಾಯದ ಬೆಲೆಯಲ್ಲ. ಆದ್ದರಿಂದ ಮೊದಲ ಸೂತ್ರ: ಒಮ್ಮೆ ನೋಡುವ ಚಿತ್ರವನ್ನು ಕೊಳ್ಳಬಾರದು, ಮತ್ತೆ ಮತ್ತೆ ಕರೆಯುವ ಚಿತ್ರವನ್ನು ಕೊಳ್ಳಬೇಕು.

ಯಂತ್ರದ ವಿಷಯದಲ್ಲಿಯೂ ಎಚ್ಚರ ಬೇಕು. ಬ್ಲೂ-ರೇ ಜಗತ್ತನ್ನು ಮೂರು ವಲಯಗಳಾಗಿ ಹಂಚಿದ್ದಾರೆ. ಅಮೆರಿಕ ಎ ವಲಯ, ಯೂರೋಪು ಬಿ, ಭಾರತ ಸಿ. ಅಮೆರಿಕದಿಂದ ತರಿಸಿದ ತಟ್ಟೆ ಇಲ್ಲಿಯ ಯಂತ್ರದಲ್ಲಿ ಬಾಯಿ ಬಿಡದೆ ಹೋದರೆ ಅಚ್ಚರಿಪಡಬೇಕಾಗಿಲ್ಲ. 4ಕೆ ತಟ್ಟೆಗಳಿಗೆ ಈ ಗಡಿಯ ಕಾಟವಿಲ್ಲ. ತಯಾರಕರು ಮಾತ್ರ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ: ಸ್ಯಾಮ್‌ಸಂಗ್ ಸಂಸ್ಥೆ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಹೊಸ ಬ್ಲೂ-ರೇ ಯಂತ್ರಗಳನ್ನು ತರುವುದನ್ನು ನಿಲ್ಲಿಸಿತು, ಎಲ್.ಜಿ. ಸಂಸ್ಥೆ 2024ರಲ್ಲಿ ಕೈಬಿಟ್ಟಿತು. ತಟ್ಟೆಗಳ ರಾಶಿ ಹಾಕಿಕೊಳ್ಳುವವರು ಅವನ್ನು ಓದುವ ಯಂತ್ರ ನಾಳೆಗೂ ಉಳಿಯುವಂತೆ ನೋಡಿಕೊಳ್ಳುವುದು ವಿವೇಕ.

ಕೊಂಡದ್ದೋ, ಕಡ ತಂದದ್ದೋ?

ಕಣ್ಣಿನ ಲೆಕ್ಕ ಇಷ್ಟಾಯಿತು. ಆದರೆ ಸಂಗ್ರಹಕಾರನನ್ನು ತಟ್ಟೆಯ ಕಡೆಗೆ ಎಳೆಯುವುದು ಕಣ್ಣಿನ ಆಸೆ ಮಾತ್ರವಲ್ಲ. ಹರಿದುಬರುವ ಚಿತ್ರ ಇಂದು ಇದೆ, ನಾಳೆ ಇಲ್ಲ. ಒಪ್ಪಂದ ಮುಗಿದೊಡನೆ ಚಿತ್ರಶಾಲೆಯ ಪಟ್ಟಿಯಿಂದ ಹೆಸರು ಮಾಯವಾಗುತ್ತದೆ. ಕಾರಣ ಕೇಳುವುದಕ್ಕೆ ಕಿಟಕಿಯೂ ಇಲ್ಲ, ಗುಮಾಸ್ತನೂ ಇಲ್ಲ. ಹಣ ಕೊಟ್ಟು ‘ಕೊಂಡ’ ಚಿತ್ರವಾದರೂ ಸ್ವಂತದ್ದೆ? ಅಲ್ಲ, ಅದು ನೋಡಲು ದೊರೆತ ಅನುಮತಿ ಮಾತ್ರ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನೊಂದು, ಇಂತಹ ಅನುಮತಿಯನ್ನು ಮಾರುವವರು ಅದು ಅನುಮತಿಯೆಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸದೆ ‘ಕೊಳ್ಳಿ’ ಎಂಬ ಮಾತನ್ನು ಬಳಸಕೂಡದೆಂದು ವಿಧಿಸಿದೆ. ಕಪಾಟಿನ ತಟ್ಟೆಯನ್ನು ಯಾರೂ ದೂರದಿಂದ ಗುಂಡಿಯೊತ್ತಿ ಅಳಿಸಲಾರರು.

ಎರಡನೆಯ ಕಾರಣ ಇದಕ್ಕಿಂತ ಸೂಕ್ಷ್ಮವಾದುದು. ಚಿತ್ರದ ಯಾವ ಪಾಠ ಉಳಿಯುತ್ತದೆ ಎಂಬುದೇ ಆ ಪ್ರಶ್ನೆ. ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ 1965ರಲ್ಲಿ ಕಪ್ಪು-ಬಿಳುಪಿನಲ್ಲಿ ತೆರೆಕಂಡಿತು; 2008ರಲ್ಲಿ ಅದಕ್ಕೆ ಗಣಕಯಂತ್ರದಿಂದ ಬಣ್ಣ ಬಳಿದು ಮತ್ತೆ ಬಿಡುಗಡೆ ಮಾಡಿದರು. ದೊರೆ-ಭಗವಾನ್ ಜೋಡಿಯ ‘ಕಸ್ತೂರಿ ನಿವಾಸ’ 1971ರದು. ಅದೂ 2014ರಲ್ಲಿ ಬಣ್ಣ ತೊಟ್ಟು ಬಂದಿತು. ಬಣ್ಣದ ಅವತಾರವನ್ನು ಮೆಚ್ಚಿದವರೂ ಬಹಳ. ಹೊಸ ತಲೆಮಾರು ಆ ಚಿತ್ರಗಳ ಕಡೆ ತಿರುಗಿತೆಂಬುದೂ ಸುಳ್ಳಲ್ಲ. ಆದರೆ ಮಸಣದ ಆ ಕಪ್ಪನ್ನೂ ಹೊಗೆಯ ಆ ಬಿಳುಪನ್ನೂ ಮೊದಲು ತೋರಿದಂತೆಯೇ ನೋಡಬೇಕೆನ್ನುವವನು ಯಾರ ಬಾಗಿಲು ಬಡಿಯಬೇಕು? ಹಳೆಯ ಪಾಠದ ತಟ್ಟೆಯನ್ನು ಜೋಪಾನ ಮಾಡಿದವನ ಬಾಗಿಲನ್ನು. ಹಸ್ತಪ್ರತಿಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ: ಹೊಸ ಪ್ರತಿ ಎಷ್ಟೇ ಅಂದವಾಗಿರಲಿ, ಹಳೆಯ ಓಲೆಯನ್ನು ಒಲೆಗೆ ಹಾಕುವವನು ವಿದ್ವಾಂಸನಲ್ಲ.

ಇನ್ನು ಕೆಲವರಿಗೆ ಸಂಗ್ರಹವೆಂದರೆ ಬಂಡವಾಳ. ಇಂದು ಮೂರು ಸಾವಿರಕ್ಕೆ ಕೊಂಡದ್ದು ಹತ್ತು ವರ್ಷದ ಮೇಲೆ ಮೂವತ್ತು ಸಾವಿರವಾದೀತೆಂಬ ಎಣಿಕೆ. ಕಾಫಿಯ ನಾಡಿಗೆ ಬೆಲೆಯ ಚಂಚಲತೆಯನ್ನು ಕಲಿಸಬೇಕಾಗಿಲ್ಲ. 1994ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದಾಗ ಇಲ್ಲಿಯ ಬೀಜದ ಬೆಲೆ ಗಗನಕ್ಕೇರಿತು. ಅನಂತರದ ವರ್ಷಗಳಲ್ಲಿ ಪಾತಾಳವನ್ನೂ ಕಂಡಿತು. ತಟ್ಟೆಯೂ ಅಷ್ಟೇ. ಮಿತವಾಗಿ ಅಚ್ಚಾಗಿ ಮುಗಿದುಹೋದ ಕೆಲವೇ ಆವೃತ್ತಿಗಳಿಗೆ ಬೆಲೆ ಏರುತ್ತದೆ. ಉಳಿದದ್ದೆಲ್ಲ ಹಳೆಯ ಪೇಪರಿನ ಜೊತೆ ತೂಕಕ್ಕೆ ಹೋಗುತ್ತದೆ. ಲಾಭಕ್ಕಾಗಿ ತಟ್ಟೆ ಕೊಳ್ಳುವವರು ಮೆಣಸಿನ ಬಳ್ಳಿ ನೆಡುವುದು ಮೇಲು.

ಮಲೆನಾಡಿನ ಶತ್ರು

ಕಪಾಟಿನ ತಟ್ಟೆಯನ್ನು ಯಾರೂ ಅಳಿಸಲಾರರೆಂಬುದು ನಿಜ. ಮಲೆನಾಡಿನ ಮಳೆಗಾಲದ ಹೊರತು. ಜೂನಿನಿಂದ ಸೆಪ್ಟೆಂಬರಿನ ತನಕ ಇಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಮದುವೆಯ ಆಲ್ಬಮ್ಮಿಗೂ ಬೂಷ್ಟು. ತಟ್ಟೆಯನ್ನು ಅದು ಬಿಟ್ಟೀತೆ? 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ಎಂಬ ಉಷ್ಣವಲಯದ ದೇಶದಿಂದ ಬಂದ ಒಂದು ಸಿ.ಡಿ.ಯನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಒಂದು ಬಗೆಯ ಶಿಲೀಂಧ್ರ ಅದರ ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ಕನ್ನೂ ಅಲ್ಯೂಮಿನಿಯಮ್ ಪದರವನ್ನೂ ತಿಂದಿರುವುದು ಕಂಡುಬಂದಿತು. ಬಿಸಿ, ತೇವ, ಗಾಳಿಯಾಡದ ಡಬ್ಬಿ: ಈ ಮೂರೂ ಸೇರಿದಲ್ಲಿ ಬೂಷ್ಟಿಗೆ ಹಬ್ಬ.

ಬೂಷ್ಟಿಲ್ಲದೆಯೂ ತಟ್ಟೆ ಸಾಯಬಹುದು. ಅಮೆರಿಕದ ದೊಡ್ಡ ಚಿತ್ರಸಂಸ್ಥೆಯೊಂದು 2006ರಿಂದ 2008ರ ನಡುವೆ ಅಚ್ಚುಹಾಕಿದ ತನ್ನ ಡಿ.ವಿ.ಡಿ.ಗಳಲ್ಲಿ ಕೆಲವು ಒಳಗೊಳಗೇ ಕೊಳೆತು ಓದಲಾಗದೆ ಹೋಗಿರುವುದನ್ನು 2025ರಲ್ಲಿ ಒಪ್ಪಿಕೊಂಡು, ಸಾಧ್ಯವಿದ್ದಲ್ಲಿ ಬದಲಿ ಕೊಡಲು ಮುಂದಾಯಿತು. ಮನೆಯಲ್ಲಿ ಗಣಕಯಂತ್ರದಿಂದ ಬರೆದುಕೊಂಡ ತಟ್ಟೆಗಳಂತೂ ಇನ್ನೂ ಅಲ್ಪಾಯುಷಿಗಳು. ಅವುಗಳಲ್ಲಿ ದಾಖಲೆ ನಿಂತಿರುವುದು ಸಾಮಾನ್ಯವಾಗಿ ಬಣ್ಣದ ಒಂದು ತೆಳುಪದರದ ಮೇಲೆ; ಬಿಸಿಲು, ಶಾಖ ತಾಕಿದರೆ ಬಣ್ಣ ಮಾಸುತ್ತದೆ.

ಉಪಾಯವಿಲ್ಲದಿಲ್ಲ. ಬೀಜವನ್ನು ಕಣದಲ್ಲಿ ಹದವಾಗಿ ಒಣಗಿಸಿ ತೇವ ತಾಕದಂತೆ ಮೂಟೆ ಕಟ್ಟುವ ಜನಕ್ಕೆ ಇದು ಹೊಸ ವಿದ್ಯೆಯಲ್ಲ. ಮಳೆ ಹಿಡಿಯುವ ಮೊದಲು ತಟ್ಟೆಗಳನ್ನು ಬಿಗಿಮುಚ್ಚಳದ ಡಬ್ಬಿಗೆ ತುಂಬಿ, ತೇವ ಹೀರುವ ಸಿಲಿಕಾ ಹರಳಿನ ಚೀಲವನ್ನು ಜೊತೆಗಿಡಬೇಕು. ಹರಳು ತೇವ ಕುಡಿದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬೇಕು. ಕ್ಯಾಮರಾ ಇಟ್ಟುಕೊಂಡವರು ಮಲೆನಾಡಿನಲ್ಲಿ ಮಾಡುತ್ತ ಬಂದಿರುವುದೂ ಇದನ್ನೇ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಾಗಿ ಉಜ್ಜಬಾರದು. ಸಿ.ಡಿ., ವಿ.ಸಿ.ಡಿ.ಗಳ ದಾಖಲೆ ಚಿತ್ರವಿರುವ ಮೇಲ್ಮೈಯ ಅಡಿಯಲ್ಲಿಯೇ ಇರುವುದರಿಂದ ಅವುಗಳ ಬೆನ್ನಿಗೆ ಬಿದ್ದ ಗೀರೇ ಹೆಚ್ಚು ಅಪಾಯಕರ. ಬ್ಲೂ-ರೇಯಲ್ಲಿ ದಾಖಲೆ ಹೊಳೆಯುವ ಕೆಳಮೈಯಿಂದ ಕೇವಲ 0.1 ಮಿಲಿಮೀಟರು ಒಳಗಿದೆ; ಅದಕ್ಕೆಂದೇ ಅಲ್ಲಿ ಗಟ್ಟಿ ಲೇಪವೊಂದನ್ನು ಕೊಟ್ಟಿದ್ದಾರೆ.

ಮೂಲದಲ್ಲಿದ್ದರೆ ತಟ್ಟೆಯಲ್ಲಿ

ಇಷ್ಟೆಲ್ಲ ಜೋಪಾನ ಮಾಡಿ ಉಳಿಸುವ ತಟ್ಟೆಯಲ್ಲಿ ಇರುವುದಾದರೂ ಏನು? ಬೆಲೆಯ ಪ್ರಶ್ನೆಯ ನಿಜವಾದ ತಿರುಳು ಇಲ್ಲಿದೆ. ತಟ್ಟೆ ಎಷ್ಟು ದೊಡ್ಡ ಪಾತ್ರೆಯಾದರೇನು, ಒಳಗೆ ಸುರಿದದ್ದೇ ಹೊರಗೆ ಬರಬೇಕು. ಹಳೆಯ ಕಾಲದ 35 ಮಿಲಿಮೀಟರ್ ಫಿಲ್ಮಿನ ಮೂಲ ನೆಗೆಟಿವ್ ಕೆಡದೆ ಉಳಿದಿದ್ದರೆ ಅದರಲ್ಲಿ ಹೆಚ್ಚುಕಡಿಮೆ 4ಕೆಗೆ ಸಾಕಾಗುವಷ್ಟು ವಿವರ ಅಡಗಿರುತ್ತದೆ. ಈ ಶತಮಾನದ ಮೊದಲ ದಶಕಗಳಲ್ಲಿ ಗಣಕಯಂತ್ರದಲ್ಲಿ ಸಿದ್ಧವಾದ ಚಿತ್ರಗಳಾದರೋ ಬಹುಪಾಲು ಅದರ ಅರ್ಧ ಅಳತೆಯಲ್ಲಿಯೇ ಮುಗಿದಂಥವು. ಅವುಗಳ 4ಕೆ ತಟ್ಟೆಯೆಂಬುದು ಹಿಗ್ಗಿಸಿದ ಚಿತ್ರ. ಆದಕಾರಣ ಒಂದು ವಿಚಿತ್ರ ಸಂಗತಿ: 1955ರ ಚಿತ್ರವೊಂದು 2010ರ ಚಿತ್ರಕ್ಕಿಂತ ಹೆಚ್ಚು ಸೂಕ್ಷ್ಮವಾಗಿ ಕಾಣಬಹುದು.

ಇದಕ್ಕೆ ಉಜ್ವಲ ನಿದರ್ಶನ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’. ಆ ಚಿತ್ರದ ಮತ್ತು ಅದರ ಮುಂದಿನ ಎರಡು ಚಿತ್ರಗಳ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಪ್ರಯೋಗಶಾಲೆಯೊಂದಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟವು. ಸುಟ್ಟು ಸುರುಟಿದ ಆ ಸುರುಳಿಗಳನ್ನೇ ಇಟಲಿಯ ಬೊಲೋನ್ಯ ನಗರದ ಕುಶಲಿಗಳು ಹದಗೊಳಿಸಿ, ಬಿಡಿಸಿ, ಉಳಿದುದನ್ನು ಬೇರೆ ಪ್ರತಿಗಳಿಂದ ತುಂಬಿ, 2015ರಲ್ಲಿ ಜಗತ್ತಿಗೆ ಮರಳಿಸಿದರು. ಆ ಚಿತ್ರಗಳ ಬ್ಲೂ-ರೇಗೆ ಹಣ ಕೊಟ್ಟವನು ಪ್ಲಾಸ್ಟಿಕ್ಕಿಗೆ ಕೊಟ್ಟದ್ದಲ್ಲ. ಬೂದಿಯಿಂದ ಚಿತ್ರವನ್ನು ಎತ್ತಿದ ಕೈಗಳಿಗೆ ಕೊಟ್ಟದ್ದು. ಎರಡನೆಯ ಸೂತ್ರ ಇಲ್ಲಿ ಹುಟ್ಟುತ್ತದೆ: ಡಬ್ಬಿಯ ಮೇಲಿನ ‘4ಕೆ’ ಎಂಬ ಅಕ್ಷರವನ್ನು ನೋಡಿ ಕೊಳ್ಳಬಾರದು, ಯಾವ ಮೂಲದಿಂದ, ಯಾರು, ಹೇಗೆ ತೆಗೆದ ಪ್ರತಿ ಎಂಬುದನ್ನು ವಿಚಾರಿಸಿ ಕೊಳ್ಳಬೇಕು.

ಈ ಸೂತ್ರವನ್ನು ಹಿಡಿದು ಕನ್ನಡದ ಕಡೆ ತಿರುಗಿದರೆ ಮನಸ್ಸು ಭಾರವಾಗುತ್ತದೆ. 1934ರ ಮಾರ್ಚಿ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅನಂತರದ ಚಿತ್ರಗಳಲ್ಲಿ ಎಷ್ಟೋ ಮನೆಗಳನ್ನು ತಲುಪಿದ್ದು ವಿ.ಸಿ.ಡಿ.ಯ ಆ ಒಂದು ಲಕ್ಷ ಚುಕ್ಕೆಗಳಲ್ಲಿ ಮಾತ್ರ. ಅದೂ ಎರಡು-ಮೂರು ತಟ್ಟೆಗಳಾಗಿ ಹರಿದು ಹಂಚಿಹೋಗಿ. 2007ರ ಸುಮಾರಿಗೆ ಮೋಸರ್ ಬೇರ್ ಸಂಸ್ಥೆ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಿದಾಗ ಸಂತೆಯ ಬೀದಿಯಲ್ಲಿಯೂ ಸಿನಿಮಾ ಸೊಪ್ಪಿನಂತೆ ಬಿಕರಿಯಾಯಿತು. ಆ ಸಂಸ್ಥೆ 2018ರಲ್ಲಿ ದಿವಾಳಿಯ ಪರಿಸಮಾಪ್ತಿಗೆ ಸೇರಿತು. ಅಗ್ಗದ ತಟ್ಟೆ ಹೋಯಿತು; ಅದರ ಜಾಗಕ್ಕೆ ಕನ್ನಡದಲ್ಲಿ ದುಬಾರಿಯ ತಟ್ಟೆಯೂ ಬರಲಿಲ್ಲ. ಬ್ಲೂ-ರೇ ರೂಪದ ಕನ್ನಡ ಚಿತ್ರ ಇಂದಿಗೂ ಬಲು ಅಪರೂಪದ ವಸ್ತು.

ಈ ಬೆಟ್ಟಗಳಿಗೆ ಆ ಕೊರತೆ ಇನ್ನೂ ಹತ್ತಿರದ್ದು. ಮೂಡಿಗೆರೆಯ ಬಳಿ ತೋಟ ಮಾಡಿಕೊಂಡು, 2007ರ ಏಪ್ರಿಲ್ 5ರಂದು ತೀರಿಕೊಳ್ಳುವವರೆಗೂ ಇಲ್ಲಿಯೇ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ಕಥೆಗಳಿಂದ ಒಂದು ಚಿತ್ರಮಾಲೆಯೇ ಹುಟ್ಟಿದೆ. ಎನ್. ಲಕ್ಷ್ಮೀನಾರಾಯಣ್ ಅವರ ‘ಅಬಚೂರಿನ ಪೋಸ್ಟಾಫೀಸು’ 1973ರದು. ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ 1986ರ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಚಾರುಹಾಸನ್ ಅತ್ಯುತ್ತಮ ನಟರಾದರು. ‘ಕುಬಿ ಮತ್ತು ಇಯಾಲ’, ‘ಕಿರಗೂರಿನ ಗಯ್ಯಾಳಿಗಳು’, 2023ರ ‘ಡೇರ್‌ಡೆವಿಲ್ ಮುಸ್ತಾಫಾ’ ಇವೂ ಅದೇ ಮಾಲೆಯ ಹೂಗಳು. ಇದೇ ಜಿಲ್ಲೆಯ ಶೃಂಗೇರಿಯ ಕಡೆ, ತುಂಗೆಯ ದಡದ ವೈಕುಂಠಪುರದಲ್ಲಿ ಚಿತ್ರಿತವಾದ ‘ಸಂಸ್ಕಾರ’ 1970ರದು. ಕಪ್ಪು-ಬಿಳುಪಿನ ಆ ಅಗ್ರಹಾರವನ್ನು ಸೆರೆಹಿಡಿದದ್ದು ಆಸ್ಟ್ರೇಲಿಯದ ಟಾಮ್ ಕೋವನ್. ಹೊರದೇಶದ ಯಾವುದೋ ಪಟ್ಟಣದ ಮಳೆಯನ್ನು ಹನಿಹನಿಯಾಗಿ ತೋರುವ ತಟ್ಟೆ ಹಣ ಕೊಟ್ಟರೆ ಕಳಸಕ್ಕೂ ಬರುತ್ತದೆ. ಈ ಹಳೆಯ ಚಿತ್ರಗಳನ್ನು ಅಷ್ಟೇ ಗೌರವದಿಂದ ಅಚ್ಚೊತ್ತಿದ ತಟ್ಟೆಗಾಗಿ ಹುಡುಕಾಡಬೇಕು.

ಆಶೆಗೆ ಆಧಾರವಿಲ್ಲದಿಲ್ಲ. ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರ ಚಿತ್ರ. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಕಾಪಾಡಿಕೊಂಡು ಬಂದಿದ್ದ ಮೂಲ ನೆಗೆಟಿವ್‌ನಿಂದ, ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸೆಯವರ ವಿಶ್ವಚಿತ್ರ ಯೋಜನೆ ಕೂಡಿ, ಬೊಲೋನ್ಯದ ಪ್ರಯೋಗಶಾಲೆಯಲ್ಲಿ ಅದನ್ನು 4ಕೆ ರೂಪಕ್ಕೆ ತಂದವು. 2024ರ ವೆನಿಸ್ ಉತ್ಸವದಲ್ಲಿ ಆ ಹೊಸ ಪ್ರತಿ ಪ್ರದರ್ಶನಗೊಂಡಿತು. ಅಂದಮೇಲೆ ವಿದ್ಯೆ ಇದೆ, ಕೆಲವು ನೆಗೆಟಿವ್‌ಗಳಾದರೂ ಇವೆ, ಮನಸ್ಸಿದ್ದವರೂ ಇದ್ದಾರೆ. ಇಲ್ಲದಿರುವುದು, ಇಂತಹ ಪ್ರತಿ ತಟ್ಟೆಯಾಗಿ ಬಂದರೆ ನ್ಯಾಯವಾದ ಬೆಲೆ ಕೊಟ್ಟು ಕೊಂಡೇವು ಎಂಬ ಕೆಲವು ಸಾವಿರ ಕನ್ನಡಿಗರ ಗಟ್ಟಿಯಾದ ದನಿ. ಇಪ್ಪತ್ತೆಂಟು ರೂಪಾಯಿಯ ರೂಢಿ ಆ ದನಿಯನ್ನು ಕಟ್ಟಿಹಾಕಿದೆಯೋ ಏನೋ. ಕೊಳ್ಳುವವರಿಲ್ಲದ ಸಂತೆಗೆ ಯಾರು ಗಾಡಿ ಕಟ್ಟುತ್ತಾರೆ?

ಹಾಗಾದರೆ ತಟ್ಟೆ ಬೆಲೆಗೆ ತಕ್ಕದ್ದೆ? ಪರದೆ ದೊಡ್ಡದಿದ್ದು, ಕುರ್ಚಿ ಹತ್ತಿರವಿದ್ದು, ಚಿತ್ರ ಮತ್ತೆ ಮತ್ತೆ ಕರೆಯುವಂಥದಾಗಿ, ಪ್ರತಿ ಮೂಲಕ್ಕೆ ನಿಷ್ಠವಾಗಿದ್ದರೆ ತಕ್ಕದ್ದು. ಇಲ್ಲವಾದರೆ ಅದು ಗೋಡೆಯ ಅಲಂಕಾರ. ಮತ್ತು ಬೇರೆ ರೂಪದಲ್ಲಿ ಸಿಗದ ಕನ್ನಡ ಚಿತ್ರದ ಹಳೆಯ ವಿ.ಸಿ.ಡಿ. ಯಾರ ಅಟ್ಟದಲ್ಲಿದ್ದರೂ, ಗೀರು ಬಿದ್ದಿದ್ದರೂ, ಒಳ್ಳೆಯ ಪ್ರತಿ ಬರುವ ತನಕ ಅದಕ್ಕೆ ಬೆಲೆ ಕಟ್ಟಲಾಗದು. ಅದನ್ನು ಈ ಮಳೆಗಾಲಕ್ಕೆ ಮೊದಲು ಒಣಗಿದ ಡಬ್ಬಿಗೆ ಸೇರಿಸುವುದೇ ಇಂದಿನ ಮಟ್ಟಿಗೆ ಸಂಗ್ರಹಕಾರನ ಮೊದಲ ಕರ್ತವ್ಯ.

ತೋಟದ ಮನೆಯಲ್ಲಿ ಜನರೇಟರು ಗುಡುಗತೊಡಗಿದೆ. ಹೊಸ ತಟ್ಟೆ ಯಂತ್ರದೊಳಗೆ ಸರಿದಿದೆ. ಪರದೆಯ ಮೇಲೆ ಪರದೇಶದ ಬೀದಿಯೊಂದು, ಎಳೆ ಎಳೆಯಾಗಿ, ಕೈಚಾಚಿದರೆ ಮುಟ್ಟಬಹುದೆಂಬಂತೆ ತೆರೆದುಕೊಳ್ಳುತ್ತದೆ. ಹುಡುಗ ಬಿಲ್ಲನ್ನು ಮರೆತು ಕಣ್ಣರಳಿಸಿ ನೋಡುತ್ತಾನೆ. ಅರ್ಧ ಗಂಟೆಯ ಮೇಲೆ ಅವನೇ ಕೇಳುತ್ತಾನೆ:

“ದೊಡ್ಡಪ್ಪ, ‘ತಬರನ ಕಥೆ’ ಹಿಂಗೆ ಸಿಗಲ್ವಾ?”

ಯಜಮಾನರು ಕೂಡಲೆ ಉತ್ತರ ಕೊಡುವುದಿಲ್ಲ. ಎದ್ದು ಹೋಗಿ ಕಪಾಟಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತರುತ್ತಾರೆ. ಒಳಗೆ ಹಳೆಯ ತಟ್ಟೆಗಳು. ನಡುವೆ ಬಿಳಿಯ ಹರಳಿನ ಒಂದು ಪುಟ್ಟ ಚೀಲ.

“ಸಿಕ್ಕಿದ್ರೆ ಆರು ಸಾವಿರ ಆದ್ರೂ ತಗೊಳ್ತಿದ್ದೆ ಕಣೋ. ಸಿಗೋ ತನಕ ಇವನ್ನ ಕಾಯ್ಬೇಕು.”

ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿರುತ್ತದೆ.